ಯೇರಿ ಯಾರು?

೨೦೦೬ರ ಮಾರ್ಚ್ ೧೪, ಮಂಗಳವಾರ ಬೆಳಿಗ್ಗೆ ೯.೨೦. ಸಿಡ್ನಿಯ ವೆಸ್ಟ್‌ಮೀಡ್ ಬಳಿಯ ಠಾಣೆಗೆ ಎಂಜಿನಿಯರಿಂಗ್ ಕಂಪನಿಯೊಂದರ ಮ್ಯಾನೇಜರ್ ದೂರು ತಂದ. ಗೋದಾಮಿನಿಂದ ಏಳನೇ ಪೆಟ್ಟಿಗೆ ಕಳುವಾಗಿತ್ತು.

"ಒಳಗೇನಿತ್ತು?" ಇನ್‌ಸ್ಪೆಕ್ಟರ್ ಗ್ಲೆನಿಟಾ ಲೋಬೊ ಕೇಳಿದಳು.

"ಮಣ್ಣು."

ಕಾನ್‌ಸ್ಟೇಬಲ್ ಬ್ರೆಟ್ ಪೆನ್ನು ಕೆಳಗಿಟ್ಟ. "ನಮ್ಮ ಹಿತ್ತಲಿನದು ಬೇಕಾದರೆ ಕೊಡ್ತೀನಿ."

ಅದು ಆಫ್ರಿಕಾದ ಮಲಾವಿಯಲ್ಲಿ ರೈಲು ಹಾಯಬೇಕಿದ್ದ ನೆಲದಿಂದ ಪರೀಕ್ಷೆಗೆ ತಂದ ಮಣ್ಣು. ಸಮುದ್ರವಿಲ್ಲದ ಆ ದೇಶದಿಂದ ನೆರೆಯ ಮೊಜಾಂಬಿಕ್‌ನ ಬಂದರಿಗೆ ಹೊಸ ಹಳಿ ಹಾಕಲು ಸಿಡ್ನಿಯ ಹೂಡಿಕೆದಾರರು ಶುಕ್ರವಾರ ಸಹಿ ಹಾಕುವವರಿದ್ದರು. ಈ ಊರಿನಲ್ಲಿ ಎಫ್‌ಐಆರ್ ಇಲ್ಲ. ಬ್ರೆಟ್ ದೂರು ದಾಖಲಿಸಿ ಅದರ ಈವೆಂಟ್ ನಂಬರ್ ಕೊಟ್ಟ.

ಗೋದಾಮಿನ ಬೀಗ ಮುರಿದಿರಲಿಲ್ಲ. ಪೆಟ್ಟಿಗೆ ಒಯ್ಯುವವರು ಹೆಸರು ಬರೆಯುವ ರಿಜಿಸ್ಟರಿನಲ್ಲಿ ಕೊನೆಯ ಸಾಲು ಇಂಗ್ಲಿಷ್ ಅಕ್ಷರಗಳಲ್ಲಿತ್ತು: '7 – Yeri'. ಪೊಲೀಸರು ಅದನ್ನು ಯೇರಿ ಎಂದು ಓದಿಕೊಂಡರು.

ಎರಡು ದಿನ ಯೇರಿಯನ್ನು ಹುಡುಕಿದರು. ವೆಸ್ಟ್‌ಮೀಡ್ ಆಸ್ಪತ್ರೆಯಲ್ಲಿ ಆ ಹೆಸರಿನ ಕೊರಿಯನ್ ನರ್ಸ್ ಒಬ್ಬಳು ಸಿಕ್ಕಳು, ಪಾಪ, ಅತ್ತೇಬಿಟ್ಟಳು. ಗ್ಲೆನಿಟಾ ಕ್ಷಮೆ ಕೇಳಿ ಬಂದಳು.

ಗುರುವಾರ ೧೧.೧೦ಕ್ಕೆ ಕಂಪನಿಯ ಲ್ಯಾಬ್ ಟೆಕ್ನಿಷಿಯನ್ ರುದ್ರಾಣಿಯ ವಿಚಾರಣೆಯ ಸರದಿ. ಊರು ನವಲಗುಂದ ಎಂದು ತಿಳಿದು ಮಂಗಳೂರು ಮೂಲದ ಗ್ಲೆನಿಟಾ ಕನ್ನಡಕ್ಕೆ ಹೊರಳಿದಳು.

"ಈ ಯೇರಿ ಯಾರು ಮಾರಾಯ್ತಿ?"

ರುದ್ರಾಣಿಗೆ ನಗು ತಡೆಯಲಾಗಲಿಲ್ಲ. "ಯಾರು ಅಲ್ರಿ ಮೇಡಂ, ಏನು ಅಂತ ಕೇಳ್ರಿ. ಎರಿ ಅಂದ್ರ ಕಪ್ಪು ಮಣ್ಣು. ನಿಮ್ಮ ಮಂಗಳೂರಾಗ ಕೆಂಪು ಕಲ್ಲು ಬಿಟ್ರ ಏನೈತಿ?"

"ಹಾಗಾದ್ರೆ ಬರೆದದ್ದು ನೀವು."

ನಗು ನಿಂತಿತು.

"ನನ್ನ ಹೆಸರು ಬರಿಯಾಕ ಧೈರ್ಯ ಸಾಲಲಿಲ್ರಿ. ಸುಳ್ಳು ಹೆಸರು ಬರಿಯಾಕ ಕೈ ಬರಲಿಲ್ಲ. ಹೊರಗ ಹೋಗಿದ್ದು ಎರಿ. ಅದನ್ನ ಬರದೆ."

"ಎಲ್ಲಿದೆ?"

"ಮೆಲ್ಬರ್ನ್. ಯೂನಿವರ್ಸಿಟಿ ಲ್ಯಾಬಿಗೆ ಕಳಿಸೀನಿ. ನಾನು ಎರಿ ಅಂತ ಕೊಟ್ಟ ವರದಿಯನ್ನ ಮ್ಯಾನೇಜರ್ ಗಟ್ಟಿ ನೆಲ ಅಂತ ತಿದ್ದಿದ. ಸಹಿ ಆದಮ್ಯಾಲೆ ಪೆಟ್ಟಿಗಿ ಎಸೀತಿದ್ರು."

ಸಂಜೆಯ ವಿಮಾನದಲ್ಲಿ ಗ್ಲೆನಿಟಾ ಮೆಲ್ಬರ್ನ್‌ಗೆ ಹೋದಳು. ಲ್ಯಾಬಿನ ಮೇಜಿನ ಮೇಲೆ ಒಣಗಿದ ಮಣ್ಣು ಬೆರಳಗಲ ಬಿರಿದಿತ್ತು. ಪ್ರೊಫೆಸರ್ ಇನ್ನೊಂದು ತುಂಡಿಗೆ ನೀರು ಕುಡಿಸಿದ್ದ. ಅದು ಉಬ್ಬಿ ಮೇಲಿನ ಉಕ್ಕಿನ ಬಿಲ್ಲೆಯನ್ನು ಎತ್ತಿತ್ತು.

"ಹಳಿಯನ್ನೂ ಹೀಗೇ ಎತ್ತುತ್ತದೆ. ಅಡಿಪಾಯ ಬದಲಿಸಿದರೆ ರೈಲು ಓಡುತ್ತದೆ," ಎಂದ.

ಆತನ ವರದಿ ಶುಕ್ರವಾರ ೮.೪೫ಕ್ಕೆ ಹೂಡಿಕೆದಾರರನ್ನು ತಲುಪಿತು. ಸಹಿ ಮುಂದಕ್ಕೆ ಹೋಯಿತು, ಯೋಜನೆ ಉಳಿಯಿತು. ಮ್ಯಾನೇಜರನ ಮೇಲೆ ಬೇರೆ ತನಿಖೆ ಶುರುವಾಯಿತು. ಆದರೂ ಕಳವು ಕಳವೇ. ೧೦.೩೦ಕ್ಕೆ ರುದ್ರಾಣಿಯ ಬಂಧನವಾಯಿತು.

"ಇಲ್ಲೇ ನೆಲೆಸಲು ಪಿಆರ್ ಅರ್ಜಿ ಹಾಕಿದ್ದೀರಿ. ಈ ಕೇಸಿನಿಂದ ಅದು ಕೈತಪ್ಪಬಹುದು, ಗೊತ್ತಿತ್ತಾ?" ಗ್ಲೆನಿಟಾ ಕೇಳಿದಳು.

"ಗೊತ್ತಿತ್ರಿ. ಎರಿ ಮ್ಯಾಲಿನ ನಮ್ಮ ಮನಿ ಗ್ವಾಡಿ ವರ್ಷಾ ವರ್ಷಾ ಬಿರೀತಿತ್ತು. ನಮ್ಮವ್ವ ಗೌರಕ್ಕ ಸೆಗಣಿ ಮೆತ್ತಿ ಮುಚ್ಚತಿದ್ಲು. ಆ ದೇಶಕ್ಕ ಸಮುದ್ರಕ್ಕ ಹೋಗಾಕ ಅದೊಂದು ಹಾದಿರಿ. ಹಳಿ ಬಿರದ್ರ ಯಾರು ಮೆತ್ತತಾರ?"

ಗ್ಲೆನಿಟಾ ಹೇಳಿಕೆಯಲ್ಲಿ ಆ ಮಾತನ್ನು ಒಂದಕ್ಷರ ಬಿಡದೆ ಬರೆದಳು. ವಶಪಡಿಸಿಕೊಂಡ ವಸ್ತುಗಳ ಪಟ್ಟಿಯಲ್ಲಿ ಬ್ರೆಟ್ ಬರೆದಿದ್ದ 'ಮಣ್ಣು' ಹೊಡೆದುಹಾಕಿ, ಎರಿ ಎಂದು ತಿದ್ದಿ, ಪಕ್ಕದಲ್ಲಿ ತನ್ನ ಸಹಿ ಹಾಕಿದಳು.