ಎಡ ಭುಜದ ಮೇಲಿನ ಚೆಂಡು

ಚೆಂಡು ನೇರವಾಗಿ ಬಂದು ಮಿನೋರಿಯ ಮುಖಕ್ಕೆ ಅಪ್ಪಳಿಸಿತು!

ಮೂಗಿನಿಂದ ರಕ್ತ ಇಳಿಯಿತು. ಯೊನಾಗೋ ವಾಲಿಬಾಲ್ ತಂಡದ ಹುಡುಗಿಯರೆಲ್ಲ ಗಾಬರಿಯಿಂದ ಓಡಿ ಬಂದರು. ಹೊಡೆದವನು ಮಾತ್ರ ನಿಧಾನವಾಗಿ ನೆಟ್ ಕೆಳಗೆ ಬಗ್ಗಿ ಈಚೆ ಬಂದು ಒದ್ದೆ ಟವೆಲ್ ಚಾಚಿದ.

"ಕೊನೇ ಗಳಿಗೇಲಿ ಕಣ್ಣು ಮುಚ್ಚಿದ್ರಿ, ಕುವಾಹಾರಾ ಸಾನ್. ಎಡ ಭುಜದ ಮೇಲೆ ಚೆಂಡು ಬಂದ್ರೆ ನೀವು ಹೆದರ್ತೀರಿ."

ಮಿನೋರಿಗೆ ಮೈಯೆಲ್ಲ ಉರಿದುಹೋಯಿತು. "ಕ್ಷಮೆ ಕೇಳೋ ಅಭ್ಯಾಸ ಇಲ್ವಾ ನಿಮಗೆ?"

"ಇದೆ. ಆದ್ರೆ ಇವತ್ತು ಕೇಳಿದ್ರೆ ನಾಳೆ ಮೆಲ್ಲಗೆ ಹೊಡೀಬೇಕಾಗುತ್ತೆ."

ಎಂಥ ಮನುಷ್ಯ ಇವನು!

ಅವನ ಹೆಸರು ಶೋಗೋ ಹಿರಾಮಾತ್ಸು. ಒಂದು ಕಾಲಕ್ಕೆ ಪುರುಷರ ಲೀಗ್‌ನಲ್ಲಿ ಆಡಿದವನು. ಪಾದದ ಕೀಲು ಮುರಿದು ಆಟ ನಿಂತ ಮೇಲೆ, ಹುಡುಗಿಯರಿಗೆ ಬಿರುಸಿನ ಹೊಡೆತ ರೂಢಿಯಾಗಲೆಂದು ದಿನವಿಡೀ ಚೆಂಡು ಹೊಡೆಯುವ ಕೆಲಸಕ್ಕೆ ಯೊನಾಗೋ ತಂಡ ಸೇರಿದ್ದ.

ಮಿನೋರಿ ಕುವಾಹಾರಾ ಆ ತಂಡದ ಎರಡನೇ ಲಿಬೆರೋ. ಗಿಡ್ಡ ಹುಡುಗಿ. ಬೇರೆ ಬಣ್ಣದ ಅಂಗಿ ತೊಟ್ಟು, ನೆಲ ಮುಟ್ಟಲಿರುವ ಚೆಂಡನ್ನು ಎತ್ತಿಕೊಡುವುದಷ್ಟೇ ಅವಳ ಪಾಲಿನ ಆಟ. ಆದರೆ ಪಂದ್ಯಗಳಲ್ಲೆಲ್ಲ ಅವಳು ಬೆಂಚಿನ ಮೇಲೆ ಕೂತು ಚಪ್ಪಾಳೆ ತಟ್ಟಿದ್ದೇ ಹೆಚ್ಚು.

ಮರುದಿನ ಅಭ್ಯಾಸ ಮುಗಿದು ಎಲ್ಲರೂ ಹೊರಟಾಗ ಅವಳೇ ಅವನ ಮುಂದೆ ಹೋಗಿ ನಿಂತಳು. ಮೂಗು ಇನ್ನೂ ಊದಿತ್ತು.

"ಎಡ ಭುಜದ ಮೇಲೇ ಹೊಡೀರಿ. ನಾನು ಸಾಕು ಅನ್ನೋವರೆಗೂ."

"ನೀವು ಸಾಕು ಅನ್ನೋ ಜಾತಿ ಅಲ್ಲ ಅನ್ಸುತ್ತೆ..."

ಅವನು ಮೊದಲ ಬಾರಿ ನಕ್ಕ. ನಕ್ಕರೆ ಇವನು ಬೇರೆಯೇ ಮನುಷ್ಯ ಅಂತ ಅವಳಿಗೆ ಅನ್ನಿಸಿತು.

ಹಾಗೆ ಎರಡು ಚಳಿಗಾಲ ಕಳೆದವು. ಅಭ್ಯಾಸದ ಮೇಲೆ ಅಭ್ಯಾಸ. ಆಮೇಲೆ ಬೀದಿ ತುದಿಯ ಅಂಗಡಿಯಿಂದ ಬಿಸಿ ಬಿಸಿ ಓದೆನ್ ತಂದು, ಕಟ್ಟೆ ಮೇಲೆ ಕೂತು ಇಬ್ಬರೂ ತಿನ್ನುತ್ತಿದ್ದರು. ಸಾರಿನಲ್ಲಿ ಬೆಂದ ಮೂಲಂಗಿಯನ್ನು ಅವನು ಯಾವಾಗಲೂ ಅವಳ ಬಟ್ಟಲಿಗೆ ಹಾಕುತ್ತಿದ್ದ.

"ನಿಮಗೆ ಮೂಲಂಗಿ ಸೇರಲ್ವಾ?"

"ಸೇರುತ್ತೆ."

ಅಷ್ಟೇ. ಅದಕ್ಕಿಂತ ಹೆಚ್ಚು ಅವನ ಬಾಯಿಂದ ಬರುತ್ತಿರಲಿಲ್ಲ. ಅವಳನ್ನು ಕರೆಯುವುದೂ ಯಾವಾಗಲೂ ಮನೆತನದ ಹೆಸರಿನಿಂದಲೇ, 'ಕುವಾಹಾರಾ ಸಾನ್' ಎಂದು ಮರ್ಯಾದೆಯಾಗಿ. ಅವನ ಬಲ ಭುಜಕ್ಕೆ ಕಟ್ಟಿದ ಐಸ್ ಚೀಲ ನೋಡುವಾಗ ಮಾತ್ರ ಮಿನೋರಿ ತಿನ್ನುವುದನ್ನು ನಿಲ್ಲಿಸಿಬಿಡುತ್ತಿದ್ದಳು. 'ಇದು ನನಗಾಗಿ ಬಂದ ನೋವಲ್ಲವಾ...'

ಅವಳು ತಂಡದ ಮೊದಲ ಲಿಬೆರೋ ಆದಳು. ಆ ಬೇಸಿಗೆಯಲ್ಲಿ ರಾಷ್ಟ್ರೀಯ ತಂಡದ ಶಿಬಿರಕ್ಕೂ ಕರೆ ಬಂತು! ಶಿಬಿರ ಮುಗಿಸಿ ಬರುವಾಗ ರೈಲಿನುದ್ದಕ್ಕೂ ಅವಳು ಒಂದೇ ಮಾತನ್ನು ಮನಸ್ಸಿನಲ್ಲೇ ಹೇಳಿ ನೋಡಿದಳು. ಇವತ್ತು ಹೇಳಿಬಿಡಬೇಕು. ಅವನು ನಕ್ಕರೂ ಸರಿ, ಹೇಳಿಬಿಡಬೇಕು!

ಆದರೆ ಹಿರಾಮಾತ್ಸು ಇರಲಿಲ್ಲ.

"ಅಕಿತಾ ತಂಡಕ್ಕೆ ಹೋದ್ರು," ಎಂದಳು ಕ್ಯಾಪ್ಟನ್ ತೊಮೊಕಾ, ಅವಳ ಮುಖ ನೋಡದೆ. "ಕುವಾಹಾರಾಗೆ ಇನ್ನು ನಾನು ಚೆಂಡು ಹೊಡೆಯಲ್ಲ ಅಂತ ಕೋಚ್ ಹತ್ರ ಹೇಳಿದ್ರಂತೆ."

ಹೊಡೆಯಲ್ಲವಂತೆ! ಅಷ್ಟು ಬೇಸರವಾಗಿತ್ತಾ ನನ್ನ ಮೇಲೆ?

ಅವಳು ಕಳಿಸಿದ ಉದ್ದದ ಸಂದೇಶಕ್ಕೆ ಬಂದ ಉತ್ತರ ಎರಡೇ ಪದ: 'ಚೆನ್ನಾಗಿ ಆಡಿ.' ಸ್ನಾನದ ಕೋಣೆಯಲ್ಲಿ ನೀರು ಬಿಟ್ಟುಕೊಂಡು ಅವಳು ಬಿಕ್ಕಿ ಬಿಕ್ಕಿ ಅತ್ತಳು.

ಮುಂದಿನ ಚಳಿಗಾಲ ಅಕಿತಾ ತಂಡ ಯೊನಾಗೋಗೆ ಆಡಲು ಬಂತು. ಎದುರು ಬೆಂಚಿನ ತುದಿಯಲ್ಲಿ ಅವನು! ಸ್ವಲ್ಪ ಸೊರಗಿದ್ದ.

ಮಿನೋರಿ ಹಲ್ಲು ಕಚ್ಚಿದಳು. ಅವಳಿಗೆ ಒಂದೇ ಭಯ. ಐದನೇ ಸೆಟ್ ಹೊತ್ತಿಗೆ ಕಾಲು ಸೋತಾಗ, ಎಡ ಭುಜದ ಮೇಲೆ ಬರುವ ಚೆಂಡಿಗೆ ಅವಳು ಈಗಲೂ ಅರೆಕ್ಷಣ ತಡವಾಗುತ್ತಿದ್ದಳು. ಅದು ಗೊತ್ತಿದ್ದವನು ಅವನೊಬ್ಬನೇ. 'ಹೇಳಿಕೊಟ್ಟೇ ಇರ್ತಾನೆ. ಅದಕ್ಕೇ ತಾನೇ ಅವರು ಸಂಬಳ ಕೊಡೋದು?'

ಪಂದ್ಯ ಐದನೇ ಸೆಟ್‌ಗೆ ಹೋಯಿತು. ಅವಳು ಕಾದಳು. ಬಲಕ್ಕೆ ಬಂತು, ಎತ್ತಿದಳು. ಮುಂದೆ ಬಿತ್ತು, ಹಾರಿ ಎತ್ತಿದಳು. ಎಡ ಭುಜದ ಕಡೆಗೆ... ಒಬ್ಬರೂ ಗುರಿ ಇಡಲಿಲ್ಲ!

ಯೊನಾಗೋ ಕೂದಲೆಳೆಯಲ್ಲಿ ಸೋತಿತು. ಆದರೆ ಸೋಲಿಗಿಂತ ಹೆಚ್ಚಾಗಿ ಈ ಒಗಟೇ ಮಿನೋರಿಯನ್ನು ಕೊರೆಯುತ್ತಿತ್ತು.

"ಕ್ಯಾಪ್ಟನ್... ನನ್ನ ಎಡ ಭುಜದ ವಿಷಯ ಹಿರಾಮಾತ್ಸು ಸಾನ್ ಅಕಿತಾದವರಿಗೆ ಯಾಕೆ ಹೇಳಿಕೊಡ್ಲಿಲ್ಲ?"

ತೊಮೊಕಾ ಮೊಣಕಾಲಿನ ಪಟ್ಟಿ ಬಿಚ್ಚುತ್ತಿದ್ದವಳು ನಿಟ್ಟುಸಿರಿಟ್ಟಳು. "ಅವತ್ತು ನಿಂಗೆ ಅರ್ಧ ಮಾತ್ರ ಹೇಳಿದ್ದೆ ಕಣೇ. ಹೇಳಬೇಡಿ ಅಂತ ಅವರೇ ಕೈಮುಗಿದು ಕೇಳ್ಕೊಂಡಿದ್ರು. ಕೋಚ್ ಹತ್ರ ಅವರು ಹೇಳಿದ್ದು ಪೂರ್ತಿ ಏನು ಗೊತ್ತಾ? 'ಕುವಾಹಾರಾ ಸಾನ್ ಮೇಲೆ ಮನಸ್ಸಾಗಿದೆ. ಜೋರಾಗಿ ಹೊಡೆಯೋಕೆ ಕೈ ಬರ್ತಿಲ್ಲ. ಹೀಗೇ ಇದ್ರೆ ಅವರ ಆಟ ಹಾಳಾಗುತ್ತೆ, ನಾನು ಹೋಗ್ತೀನಿ.' ತಂಡದೊಳಗೆ ಪ್ರೀತಿ ಗೀತಿ ನಮ್ಮಲ್ಲಿ ನಡೆಯಲ್ಲ ಅಂತ ನಿಂಗೂ ಗೊತ್ತಲ್ಲ!"

ಮಿನೋರಿ ಎದ್ದಳು. ಶೂ ಲೇಸ್ ಕಟ್ಟಲೂ ನಿಲ್ಲದೆ ಓಡಿದಳು.

ಸಂಜೆ ಬಿಸಿಲಲ್ಲಿ ಅವನು ಅಕಿತಾದವರ ಬಸ್ಸಿಗೆ ಚೆಂಡಿನ ಚೀಲ ಏರಿಸುತ್ತಿದ್ದ. ಅವಳನ್ನು ಕಂಡು ಹಾಗೇ ನಿಂತುಬಿಟ್ಟ.

ಬೈಯಬೇಕೆಂದೇ ಬಂದಿದ್ದಳು. ಆದರೆ ಅವನೆದುರು ನಿಂತಾಗ ಅವಳ ತಲೆ ತಾನಾಗಿ ಬಾಗಿತು. ಸೊಂಟದವರೆಗೂ ಬಗ್ಗಿ, ಬಹಳ ಹೊತ್ತು ಹಾಗೇ ಇದ್ದಳು.

"ತುಂಬಾ ಉಪಕಾರವಾಯ್ತು, ಹಿರಾಮಾತ್ಸು ಸಾನ್. ನಾನು ಇವತ್ತು ಏನಾಗಿದ್ದೀನೋ ಅದು... ನಿಮ್ಮ ಆ ಭುಜದಿಂದ."

"ಎತ್ತಿದ್ದು ನೀವು. ನಾನು ಹೊಡೆದೆ, ಅಷ್ಟೇ."

"ನನ್ನ ಬಗ್ಗೆ ಅಕಿತಾದವರು ಕೇಳ್ಲಿಲ್ವಾ?"

"ಸೇರೋವಾಗ್ಲೇ ಹೇಳಿದ್ದೆ. ಯಾರ ಬಗ್ಗೆ ಬೇಕಾದ್ರೂ ಕೇಳಿ, ಒಬ್ಬರ ಬಗ್ಗೆ ಮಾತ್ರ ಕೇಳಬೇಡಿ ಅಂತ."

ಮಿನೋರಿಯ ಕಣ್ಣು ತುಂಬಿ ಬಂತು. "ನನಗೊಂದು ಮಾತು ಹೇಳಿ ಹೋಗಬಹುದಿತ್ತಲ್ಲಾ!"

"ಹೇಳಿದ್ರೆ ನೀವು ಶಿಬಿರ ಬಿಟ್ಟು ಓಡಿ ಬರ್ತಿದ್ರಿ."

"...ಬರ್ತಿದ್ದೆ."

"ಅದಕ್ಕೇ."

ಅವಳು ಅಳುತ್ತಲೇ ನಕ್ಕಳು. ರೈಲಿನಲ್ಲಿ ಹೇಳಿ ನೋಡಿದ್ದ ಮಾತು ಒಂದೂ ನೆನಪಾಗಲಿಲ್ಲ. "ನಂಗೆ ನೀವು ಇಷ್ಟ. ತುಂಬಾ ಇಷ್ಟ. ಈಗ ನಾವಿಬ್ರೂ ಒಂದೇ ತಂಡದವರಲ್ಲ. ಯಾರ ಅಪ್ಪಣೆನೂ ಬೇಕಿಲ್ಲ."

ಅವನ ಕೈಯಿಂದ ಚೀಲ ಜಾರಿ ಚೆಂಡುಗಳೆಲ್ಲ ಉರುಳಿದವು. ಬಸ್ಸಿನ ಕಿಟಕಿಯಿಂದ ಅಕಿತಾದ ಹುಡುಗಿಯರು "ಓಹೋ...!" ಎಂದು ಕೂಗಿದರು. ಅವನ ಕಿವಿ ಕೆಂಪಾಯಿತು.

"ನನಗೂ," ಎಂದ ಅವನು. "ಯಾವಾಗಿಂದಲೋ."

ಇಬ್ಬರೂ ಬಗ್ಗಿ ಚೆಂಡು ಆರಿಸತೊಡಗಿದರು.

"ಅಕಿತಾದಲ್ಲಿ ಹಿಮ ಜಾಸ್ತಿನಾ?"

"ಈಗ ಮೊಣಕಾಲುದ್ದ."

"ಲೀಗ್ ಮುಗಿದ ತಕ್ಷಣ ಬರ್ತೀನಿ."

"ಸ್ಟೇಷನ್‌ಗೆ ನಾನೇ ಬರ್ತೀನಿ, ಮಿನೋರಿ."

ಅವಳ ಕೈ ಅಲ್ಲೇ ನಿಂತಿತು. "ಏನಂದ್ರಿ?"

"ಸ್ಟೇಷನ್‌ಗೆ ಬರ್ತೀನಿ ಅಂದೆ."

"ಅದಲ್ಲ... ಅದಾದ ಮೇಲೆ."

ಅವನು ಕೊನೆಯ ಚೆಂಡನ್ನು ಅವಳ ಕೈಗಿಟ್ಟ. ಆ ಕೈಯನ್ನು ಬಿಡಲಿಲ್ಲ.

"ಮಿನೋರಿ."