ಬೆಳಕಿನ ಬಳೆ

ಆರು ವರ್ಷಗಳ ಹಿಂದೆ, ಹೂಟಗಳ್ಳಿಯ ಒಂದು ಲ್ಯಾಬಿನ ಹಿಂಬದಿಯಲ್ಲಿ, ಕೈ ತೊಳೆಯುವ ನಲ್ಲಿಯ ಪಕ್ಕ ನಿಂತು ನಿಶಾಂತ್ ಒಂದು ಮಾತು ಕೊಟ್ಟಿದ್ದ.

ಆ ಮಾತು ವಾಣಿಯ ಬಗ್ಗೆ. ಆದರೆ ವಾಣಿಗೆ ಅದು ಗೊತ್ತಿರಲಿಲ್ಲ. ಅವಳಿಗೆ ಗೊತ್ತಿದ್ದದ್ದು ಆ ದಿನ ಅವನು ಕಾಗದದ ಮೇಲೆ ಬರೆದ ಒಂದೇ ಒಂದು ಸಾಲು.

ಇವತ್ತು ಅದೇ ಲ್ಯಾಬಿನ ಬಾಗಿಲಲ್ಲಿ ಅವನು ಮತ್ತೆ ನಿಂತಿದ್ದ. ಕೊರಳಲ್ಲಿ ಅಣು ವಿದ್ಯುತ್ ಸ್ಥಾವರದ ಗುರುತಿನ ಚೀಟಿ. ಕಿವಿಯ ಹತ್ತಿರ ಒಂದೆರಡು ಬಿಳಿ ಕೂದಲು.

ವಾಣಿ ಕೈಲಿದ್ದ ಸ್ಪ್ಯಾನರನ್ನು ಮೆಲ್ಲಗೆ ಮೇಜಿನ ಮೇಲಿಟ್ಟಳು. ಸ್ಥಾವರದ ಪರವಾಗಿ ಪರೀಕ್ಷೆಗೆ ಸಾಕ್ಷಿಯಾಗಿ ಬರುವವನ ಹೆಸರು ಬೆಳಿಗ್ಗೆ ಒಂಬತ್ತಕ್ಕೇ ಫಾರಂನಲ್ಲಿ ಕಂಡಿತ್ತು. ಎರಡು ಗಂಟೆ ಹೊತ್ತಿನಿಂದ ಮನಸ್ಸು ಗಟ್ಟಿ ಮಾಡಿಕೊಳ್ಳುತ್ತಲೇ ಇದ್ದಳು. ಆದರೂ...

"ಬನ್ನಿ ಸರ್. ರಿಜಿಸ್ಟರಲ್ಲಿ ಸೈನ್ ಮಾಡಿ."

ಸರ್! ಒಂದು ಕಾಲದಲ್ಲಿ ಇದೇ ಬಾಯಿ ಅವನನ್ನು 'ಲೋ' ಎಂದು ಕರೆಯುತ್ತಿತ್ತು.

"ಚೆನ್ನಾಗಿದೀರಾ?" ಎಂದ ಅವನು.

"ಪೆನ್ನು ಅಲ್ಲಿದೆ," ಎಂದಳು ವಾಣಿ.

ಅವರ ನಡುವೆ ಕಬ್ಬಿಣದ ಕಾಲುಗಳ ಮೇಲೆ ಮಲಗಿತ್ತು ಆ ಉಕ್ಕಿನ ಕೊಳವೆ. ಎರಡು ತುದಿ ಅಗಲ, ನಡು ಸಣ್ಣ. ಸ್ಥಾವರದ ಬಾಯ್ಲರಿಗೆ ಹೋಗುವ ನೀರನ್ನು ಅಳೆಯುವ ಕೊಳವೆ ಅದು. ಅದು ಹೇಳುವ ನೀರಿನ ಅಳತೆಯಿಂದಲೇ ರಿಯಾಕ್ಟರ್ ಎಷ್ಟು ಶಾಖ ಕೊಡುತ್ತಿದೆ ಎಂದು ಅಲ್ಲಿನವರು ತಿಳಿಯಬೇಕು. ನೂರು ಲೀಟರಿಗೆ ಅರ್ಧ ಲೀಟರ್ ಕಡಿಮೆ ಹೇಳಿದರೂ ಸಾಕು, ರಿಯಾಕ್ಟರ್ ಯಾರಿಗೂ ಗೊತ್ತಾಗದ ಹಾಗೆ ಅಷ್ಟು ಹೆಚ್ಚು ಕಾಯುತ್ತಿರುತ್ತದೆ. ಅದಕ್ಕೇ ಅಲ್ಲಿಗೆ ಹೋಗುವ ಮೊದಲು ಕೊಳವೆ ಇಲ್ಲಿ ಪರೀಕ್ಷೆಗೆ ಬರುತ್ತಿತ್ತು.

ಪರೀಕ್ಷೆಗೆ ಮೊದಲು ಮಾಡುವ ಕೆಲಸಕ್ಕೆ ಲ್ಯಾಬಿನಲ್ಲಿ ಒಂದು ಹೆಸರಿತ್ತು, ಬಳೆ ನೋಡುವುದು. ಪೈಪುಗಳನ್ನು ಜೋಡಿಸಿ, ಒಂದು ತುದಿಯಲ್ಲಿ ದೀಪ ಹಿಡಿದು ಇನ್ನೊಂದು ತುದಿಯಿಂದ ಕಣ್ಣಿಟ್ಟು ನೋಡಬೇಕು. ಒಳಗೆ ಬೆಳಕು ಬಳೆಯ ಹಾಗೆ ದುಂಡಗೆ ಕಾಣಬೇಕು. ಎಲ್ಲಾದರೂ ಮುಕ್ಕಾಗಿ ಕಂಡರೆ, ಕೂಡಿಸಿದ ಜಾಗದಲ್ಲಿ ನೀರು ಸೋರದಂತೆ ಇಡುವ ಗ್ಯಾಸ್ಕೆಟ್ಟಿನ ಅಂಚು ಒಳಕ್ಕೆ ಚಾಚಿದೆ ಎಂದೇ ಅರ್ಥ. ಅಷ್ಟು ಸಾಕು ನೀರಿನ ದಾರಿ ಕೆಡುವುದಕ್ಕೆ, ಅಂಕಿ ತಪ್ಪುವುದಕ್ಕೆ.

ಈ ಬಳೆ ನೋಡುವ ಕೆಲಸವನ್ನು ಇಪ್ಪತ್ತೆರಡು ವರ್ಷ ಮಾಡಿದವರು ಲ್ಯಾಬಿನ ಮೇಸ್ತ್ರಿ ಚಾಮಯ್ಯ. ವಾಣಿಯ ಅಪ್ಪ.

ಆರು ವರ್ಷಗಳ ಹಿಂದೆ ಇಂಥದೇ ಒಂದು ಕೊಳವೆಯ ಅಂಕಿ ತಪ್ಪಿ ಬಂತು. ಬಿಚ್ಚಿದರೆ ಗ್ಯಾಸ್ಕೆಟ್ ಉಗುರಿನಷ್ಟು ಒಳಗೆ ಚಾಚಿತ್ತು. ಆಗ ನಿಶಾಂತ್ ಇದೇ ಲ್ಯಾಬಿನಲ್ಲಿದ್ದ. ಮೇಸ್ತ್ರಿ ನೋಡಿದ ಮೇಲೆ ತಾನೂ ಒಮ್ಮೆ ನೋಡಬೇಕಾದದ್ದು ಅವನ ಕೆಲಸ. ಅವನು ನೋಡಿರಲಿಲ್ಲ. ಆದರೂ ವರದಿಯಲ್ಲಿ ಅವನು ಬರೆದ ಸಾಲು ಇಷ್ಟೇ: 'ಬಳೆ ನೋಡಿದವರು, ಚಾಮಯ್ಯ.'

ಚಾಮಯ್ಯ ಮರುದಿನದಿಂದ ಕೆಲಸಕ್ಕೆ ಬರಲಿಲ್ಲ.

ಅದಕ್ಕೆ ಹದಿನೈದು ದಿನ ಮೊದಲಷ್ಟೇ ನಿಶಾಂತನ ತಾಯಿ ಮಂಗಳಮ್ಮ ಇಲವಾಲದ ವಾಣಿಯ ಮನೆಗೆ ಬಂದು, ಅವಳ ಮಡಿಲಿಗೆ ಹೂವು ಹಣ್ಣಿನ ಜೊತೆ ಒಂದು ಹಸಿರು ಸೀರೆ ಇಟ್ಟು ಹೋಗಿದ್ದರು. ವಾಣಿ ಆ ಸೀರೆಯನ್ನು ಮಡಿಕೆ ಬಿಚ್ಚದೆ ವಾಪಸ್ ಕೊಟ್ಟಳು. ತಪ್ಪಿಸಿಕೊಳ್ಳಲು ಅಪ್ಪನ ಹೆಸರು ಬರೆದವನ ಕೈಯನ್ನು ತಾನು ಹಿಡಿಯುವುದಿಲ್ಲ ಎಂದು ಹೇಳಿಬಿಟ್ಟಳು. ನಿಶಾಂತ್ ತಲೆ ತಗ್ಗಿಸಿ ಕೇಳಿಸಿಕೊಂಡ. ಒಂದು ತಿಂಗಳಲ್ಲಿ ಊರೇ ಬಿಟ್ಟ.

ಅಪ್ಪನ ಕಣ್ಣು ಮಂಜಾದದ್ದು ಅದಾದ ಮೇಲೆ. ಅತ್ತೂ ಅತ್ತೂ ಕಣ್ಣು ಹೋಯಿತು ಎಂದು ಅಮ್ಮ ಸುಮಿತ್ರಮ್ಮ ಇವತ್ತಿಗೂ ಹೇಳುತ್ತಾರೆ. ವಾಣಿ ಅದನ್ನೂ ನಿಶಾಂತನ ಲೆಕ್ಕಕ್ಕೇ ಹಾಕಿದ್ದಳು.

ಪರೀಕ್ಷೆ ಶುರುವಾಯಿತು. ಮೇಲಿನ ಟ್ಯಾಂಕಿನಿಂದ ನೀರು ಕೊಳವೆಯೊಳಗೆ ನುಗ್ಗಿ, ಕೆಳಗೆ ತೂಕದ ತೊಟ್ಟಿಗೆ ಬಿತ್ತು. ನಡುವೆ ನಿಲ್ಲಿಸಿದ ಹಲಗೆಯ ಆಚೆ ನಿಶಾಂತ್, ಈಚೆ ವಾಣಿ. ಕೊಳವೆ ಎಷ್ಟು ಹೇಳಿತು, ತೊಟ್ಟಿ ಎಷ್ಟು ತೂಗಿತು ಎಂದು ಇಬ್ಬರೂ ತಮ್ಮ ತಮ್ಮ ಪುಸ್ತಕದಲ್ಲಿ ಬರೆದು ಸೈನ್ ಮಾಡುವವರೆಗೆ ಒಬ್ಬರದು ಇನ್ನೊಬ್ಬರು ನೋಡುವಂತಿಲ್ಲ.

ಐದು ಸಲ ನೀರು ಬಿಟ್ಟರು. ಪುಸ್ತಕಗಳನ್ನು ಅಕ್ಕಪಕ್ಕ ತೆರೆದಾಗ ಇಬ್ಬರ ಅಂಕಿಯೂ ಒಂದೇ. ಆದರೆ ಬರಬೇಕಾದದ್ದಕ್ಕಿಂತ ನೂರು ಲೀಟರಿಗೆ ಅರ್ಧ ಲೀಟರಿನಷ್ಟು ಕಡಿಮೆ.

ಲ್ಯಾಬಿನ ಮುಖ್ಯಸ್ಥ ರವಿಚಂದ್ರ ಹಣೆ ಒರೆಸಿಕೊಂಡರು. ಲಾರಿ ನಾಳೆ ಮಧ್ಯಾಹ್ನಕ್ಕೆ ಬರುತ್ತದೆ, ಇನ್ನೊಂದು ಸಲ ನೀರು ಬಿಟ್ಟರೆ ಸರಿಹೋಗಬಹುದು ಎಂದರು.

"ಪೈಪ್ ಬಿಚ್ಚಿಸಿ," ಎಂದ ನಿಶಾಂತ್.

ವಾಣಿಯ ಮುಖ ಕೆಂಪಾಯಿತು. "ಯಾಕೆ? ಈ ಸಲ ಯಾರ ಹೆಸರು ಬರೆಯೋಕೆ?"

ಅವನು ಅವತ್ತಿನ ಹಾಗೇ ತಲೆ ತಗ್ಗಿಸಿದ.

ಬೋಲ್ಟುಗಳನ್ನು ವಾಣಿಯೇ ಬಿಚ್ಚಿದಳು. ಕೂಡಿಸಿದ ಜಾಗದ ಕೆಳಭಾಗದಲ್ಲಿ, ಗ್ಯಾಸ್ಕೆಟ್ಟಿನ ಅಂಚು ಉಗುರಿನಷ್ಟು ಒಳಗೆ ಚಾಚಿತ್ತು.

ಅಪ್ಪ ಕೆಲಸ ಬಿಟ್ಟ ಮೇಲೆ ಬಳೆ ನೋಡುವ ಕೆಲಸವನ್ನು ಹಟ ಮಾಡಿ ತೆಗೆದುಕೊಂಡವಳು ವಾಣಿ. ಇವತ್ತು ಬೆಳಿಗ್ಗೆ ನೋಡಿದವಳೂ ಅವಳೇ. ಫಾರಂನಲ್ಲಿ ಆ ಹೆಸರು ಓದಿ ಐದು ನಿಮಿಷವೂ ಆಗಿರಲಿಲ್ಲ. ಕಣ್ಣು ತುಂಬಿತ್ತು. ತುಂಬಿದ ಕಣ್ಣಿಗೆ ಬೆಳಕೆಲ್ಲ ಕಲಸಿಕೊಂಡು ದುಂಡಗೇ ಕಂಡಿತ್ತು. ಒರೆಸಿಕೊಂಡು ಇನ್ನೊಮ್ಮೆ ನೋಡುವಷ್ಟು ತಾಳ್ಮೆ ಇರಲಿಲ್ಲ.

ಇಂಥದ್ದು ಸ್ಥಾವರಕ್ಕೆ ಹೋಗಿಬಿಟ್ಟಿದ್ದರೆ?

ಅವಳು ಯಾರಿಗೂ ಕಾಯಲಿಲ್ಲ. ವರದಿಯ ಹಾಳೆ ತೆಗೆದು ಬರೆದಳು: 'ಬಳೆ ನೋಡಿದವರು, ವಾಣಿ.' ಬರೆದ ಮೇಲೆ ಒಂದು ವಿಚಿತ್ರ ಸಮಾಧಾನ... ನಿಜ ಬರೆದವರನ್ನು ತಾನು ಯಾಕೆ ಅಷ್ಟು ದ್ವೇಷಿಸಿದ್ದು?

ಹಾಳೆಯ ಕೊನೆಯಲ್ಲಿ ಒಂದು ಪ್ರಶ್ನೆ ಇತ್ತು. ಇಂಥ ತಪ್ಪು ಹಿಂದೆ ಆಗಿದ್ದರೆ ಅದರ ವಿವರ. ಆರು ವರ್ಷಗಳಿಂದ ಮುಟ್ಟದ ಫೈಲನ್ನು ಅವಳು ಕಪಾಟಿನಿಂದ ಇಳಿಸಿದಳು.

ಆ ಸಾಲು ಅಲ್ಲೇ ಇತ್ತು, ನಿಶಾಂತನ ಅಕ್ಷರದಲ್ಲಿ. ಅದರ ಕೆಳಗೆ ಅಪ್ಪನ ಸೈನ್. ಅದನ್ನು ಅವಳು ಎಂದೂ ನೋಡಿರಲಿಲ್ಲ.

ಅಪ್ಪ ಗ್ಯಾಸ್ಕೆಟ್ ಡಬ್ಬಿಗಳ ಮೇಲೆ ಬರೆದ ಚೀಟಿಗಳು ಇನ್ನೂ ಲ್ಯಾಬಿನಲ್ಲಿವೆ. ಸ್ಕೇಲ್ ಇಟ್ಟು ಎಳೆದಂಥ ಅಕ್ಷರ. ಆದರೆ ಈ ಸೈನ್ ಚೌಕದ ಹೊರಗೆ ಶುರುವಾಗಿ, ಗೆರೆ ದಾಟಿ, ಪಕ್ಕದ ದಿನಾಂಕದ ಮೇಲೆ ಹತ್ತಿ ನಿಂತಿತ್ತು. ಚೌಕ ಎಲ್ಲಿದೆ ಎಂದು ಕಾಣದವರ ಸೈನ್.

ದಿನಾಂಕ ನೋಡಿದಳು. ಅದೇ ದಿನ. ಅಪ್ಪ ಅಳುವುದಕ್ಕೂ ಮೊದಲಿನ ದಿನ.

ಅಂದರೆ...

ಫೈಲ್ ಹಿಡಿದುಕೊಂಡೇ ಅವಳು ಹಿಂಬದಿಗೆ ನಡೆದಳು. ನಿಶಾಂತ್ ನಲ್ಲಿಯ ಹತ್ತಿರ ಗ್ರೀಸ್ ಕೈ ತೊಳೆಯುತ್ತಿದ್ದ.

"ಅವತ್ತೇ ಅಪ್ಪಂಗೆ ಕಣ್ಣು ಕಾಣ್ತಿರ್ಲಿಲ್ವಾ?"

ನೀರು ಸುರಿಯುತ್ತಲೇ ಇತ್ತು. ಅವನು ನಲ್ಲಿ ನಿಲ್ಲಿಸಿದ.

"ಅದನ್ನ ನಾನು ಹೇಳೋ ಹಾಗಿಲ್ಲ ವಾಣಿ."

"ಹೌದೋ ಇಲ್ವೋ, ಅಷ್ಟು ಹೇಳಿ ಸಾಕು."

"ಮನೇಲಿ ಕೇಳಿ," ಎಂದ. ಅವನ ಕಣ್ಣಂಚು ಒದ್ದೆಯಾಗಿತ್ತು. "ದಯವಿಟ್ಟು ನನ್ನ ಕೇಳಬೇಡಿ."

ಇಲವಾಲದ ಮನೆಯ ಜಗಲಿಯಲ್ಲಿ ಚಾಮಯ್ಯ ಅವರೆಕಾಯಿ ಸುಲಿಯುತ್ತಿದ್ದರು. ಬೆರಳಿಗೇ ಎಲ್ಲ ಗೊತ್ತಿತ್ತು. ಕಾಳು ಒಂದು ಕಡೆ, ಸಿಪ್ಪೆ ಒಂದು ಕಡೆ. ಬಸ್ಸಿಳಿದು ಬಂದ ವಾಣಿ ಚಪ್ಪಲಿಯನ್ನೂ ಬಿಡದೆ ಎದುರಿಗೆ ಕೂತಳು.

"ಅಪ್ಪಾ, ನಿನ್ನ ಕಣ್ಣು ಯಾವಾಗಿಂದ ಕಾಣ್ತಿಲ್ಲ?"

ಅವರ ಬೆರಳು ನಿಂತಿತು. "ನಿಶಾಂತ ಹೇಳ್ಬುಟ್ನಾ?"

"ಇಲ್ಲ. ಅವನು ಬಾಯೇ ಬಿಡಲಿಲ್ಲ. ನಿನ್ನ ಸೈನ್ ನೋಡ್ದೆ."

ಚಾಮಯ್ಯ ಹೇಳತೊಡಗಿದರು. ಆ ವರ್ಷದ ಬೇಸಿಗೆಯಿಂದಲೇ ನೋಟದ ಅಂಚು ಕಪ್ಪಾಗುತ್ತಾ ಬಂದಿತ್ತಂತೆ. ಕಣ್ಣಿನ ಒತ್ತಡ ಎಂದು ಡಾಕ್ಟರು ಹೇಳಿದ್ದನ್ನು ಮನೆಯಲ್ಲಿ ಮುಚ್ಚಿಟ್ಟಿದ್ದರು. ಆ ದಿನ ಬಳೆಯ ಕೆಳಭಾಗ ಅವರಿಗೆ ಕಂಡೇ ಇರಲಿಲ್ಲ. ದುಂಡಗಿದೆ ಎಂದರು. ಇಪ್ಪತ್ತೆರಡು ವರ್ಷದ ಮೇಸ್ತ್ರಿಯ ಮಾತೆಂದು ನಿಶಾಂತ್ ನಂಬಿದ. ಪೈಪ್ ಬಿಚ್ಚಿದ ಮೇಲೆ ಅವರೇ ಅವನನ್ನು ನಲ್ಲಿಯ ಹತ್ತಿರ ಕರೆದು, ನನ್ನ ಹೆಸರು ಬರಿ, ನನಗೆ ಬರೆಯಲು ಕಾಣುತ್ತಿಲ್ಲ ಎಂದಿದ್ದರು. ತನ್ನ ತಪ್ಪನ್ನೂ ಬರೆಯುತ್ತೇನೆ ಎಂದು ಅವನು ಹಟ ಹಿಡಿದರೂ, ಹುಡುಗನ ಕೆಲಸ ಹೋದೀತೆಂದು ಚಾಮಯ್ಯ ಬಿಟ್ಟಿರಲಿಲ್ಲ.

"ಕಣ್ಣಿನ ವಿಸ್ಯ ನಾನಾಗಿ ಹೇಳೋಗಂಟ ವಾಣಿಗೆ ಹೇಳ್ಬೇಡ ಅಂತ ಮಾತು ಇಸ್ಕಂಡೆ ಕಣವ್ವ."

"ಯಾಕಪ್ಪಾ?"

"ನೀನಾಗ ಹೊಸದಾಗಿ ಸೇರಿದ್ದೆ. ನಂಗೆ ಕಣ್ಣಿಲ್ಲ ಅಂತ ಗೊತ್ತಾಗಿದ್ರೆ, ಬಳೆ ನೋಡಿದ್ದು ನಾನೇ ಅಂತ ನಿನ್ನ ಹೆಸ್ರು ಬರ್ಕೊತಿದ್ದೆ. ಸುಳ್ಳೇಳಿ ನನ್ನ ಉಳಿಸ್ತಿದ್ದೆ. ಹೌದಾ ಅಲ್ವಾ?"

"ಹೌದು," ಎಂದಳು ವಾಣಿ.

"ಒಂದು ತಿಂಗಳು ಬುಟ್ಟು ಹೇಳಾನಾ ಅಂದ್ಕಂಡೆ. ಅಷ್ಟರಲ್ಲಿ ನೀನು ಸೀರೆ ವಾಪಸ್ ಕೊಟ್ಬುಟ್ಟೆ. ಆಮೇಲೆ ಹೇಳೋಕೆ ಮೊಕ ಇರ್ನಿಲ್ಲ. ಅತ್ತು ಕಣ್ಣು ಹೋಯ್ತು ಅಂತ ನಿಮ್ಮವ್ವ ಹೇಳ್ದಾಗ್ಲೂ ಸುಮ್ಕಿದ್ಬುಟ್ಟೆ."

ಒಳಗಿನಿಂದ ಸುಮಿತ್ರಮ್ಮ ಬಿಕ್ಕುವ ಸದ್ದು ಕೇಳಿಸಿತು.

"ಆರು ವರ್ಷ ಅಪ್ಪಾ," ಎಂದಳು ವಾಣಿ. ಎದ್ದು ಒಳಗೆ ಹೋದಳು. ಅಪ್ಪನ ಮೇಲಿನ ಸಿಟ್ಟಿಗಿಂತ ಹೆಚ್ಚು ಸುಟ್ಟದ್ದು ಬೇರೆಯೇ. ಒಂದು ಮಾತು ಕೇಳದೆ ಮಡಿಕೆ ಬಿಚ್ಚದ ಸೀರೆ ಎತ್ತಿ ಕೊಟ್ಟವಳು ತಾನೇ ಅಲ್ಲವೇ?

ಮರುದಿನ ಬೆಳಿಗ್ಗೆ ಚಾಮಯ್ಯ ಹಳೆಯ ಖಾಕಿ ಅಂಗಿ ತೊಟ್ಟು ಬಾಗಿಲಲ್ಲಿ ನಿಂತಿದ್ದರು. ತಾನೂ ಬರುತ್ತೇನೆ ಎಂದರು. ವಾಣಿ ಅವರ ಕೈ ಹಿಡಿದು ಬಸ್ಸು ಹತ್ತಿಸಿದಳು.

ಲ್ಯಾಬಿನಲ್ಲಿ ಅವರನ್ನು ಕಂಡ ನಿಶಾಂತ್ ಎದ್ದು ನಿಂತ. ಚಾಮಯ್ಯ ಗಾಳಿಯಲ್ಲಿ ಕೈಯಾಡಿಸಿ ಅವನ ತೋಳು ಹುಡುಕಿದರು.

"ಹೇಳ್ಬುಟ್ಟೆ ಕಣಪ್ಪಾ. ಇನ್ನು ನಿಂಗೆ ಮಾತಿನ ಹಂಗಿಲ್ಲ."

ನಿಶಾಂತ್ ಬಗ್ಗಿ ಅವರ ಕಾಲು ಮುಟ್ಟಿದ. ತಾನೂ ಅವತ್ತು ನೋಡಬೇಕಿತ್ತು, ಆ ತಪ್ಪು ತನ್ನದೇ ಎಂದ.

ಹೊಸ ಗ್ಯಾಸ್ಕೆಟ್ ಕೂರಿಸಿ ಬೋಲ್ಟು ಬಿಗಿದದ್ದಾಯಿತು. ವಾಣಿ ಕಣ್ಣು ಒರೆಸಿಕೊಂಡು ನೋಡಿದಳು. ಒರೆಸಿಕೊಂಡು ಇನ್ನೊಮ್ಮೆ ನೋಡಿದಳು. ಆಮೇಲೆ ತಾನೇ ದೀಪ ಹಿಡಿದು ಆಚೆ ತುದಿಗೆ ಹೋಗಿ ನಿಂತಳು.

"ನೀವೂ ನೋಡಿ."

ಅವನು ಈಚೆ ತುದಿಯಲ್ಲಿ ಬಗ್ಗಿದ. ಉಕ್ಕಿನ ಆ ಕತ್ತಲೆಯ ಕೊನೆಯಲ್ಲಿ ಬೆಳಕು, ಬೆಳಕಿನ ಹಿಂದೆ ಅವಳ ಮುಖ.

"ದುಂಡಗಿದೆಯಾ?" ಅವಳ ದನಿ ಕೊಳವೆಯೊಳಗಿಂದ ಬಂತು.

"ದುಂಡಗಿದೆ."

ಐದು ಸಲ ನೀರು ಬಿಟ್ಟರು. ಪುಸ್ತಕಗಳನ್ನು ತೆರೆದಾಗ ಇಬ್ಬರ ಅಂಕಿಯೂ ಒಂದೇ, ಬರಬೇಕಾದ ಅಂಕಿಯೂ ಅದೇ. ರವಿಚಂದ್ರ ದೊಡ್ಡದಾಗಿ ಉಸಿರುಬಿಟ್ಟು ಲಾರಿಯವನಿಗೆ ಫೋನ್ ಮಾಡಲು ಹೋದರು.

ನಲ್ಲಿಯ ಪಕ್ಕ ಇಬ್ಬರೇ ನಿಂತಾಗ ವಾಣಿ ಕೇಳಿದಳು. "ಹೇಳ್ಬುಡೋಣ ಅಂತ ಒಂದು ಸಲಾನೂ ಅನ್ನಿಸ್ಲಿಲ್ವಾ?"

"ದಿನಾ ಅನ್ನಿಸ್ತಿತ್ತು."

"ನಾನು ಬೇರೆಯೋರನ್ನ ಮದುವೆ ಆಗ್ಬುಟ್ಟಿದ್ರೆ?"

"ಆಗ್ಲೂ ಹೇಳ್ತಿರ್ಲಿಲ್ಲ. ಆದ್ರೆ ನಾನು ಮದುವೆ ಆಗ್ತಿರ್ಲಿಲ್ಲ."

"ಕಲ್ಲು ಕಣೋ ನೀನು," ಎಂದಳು. ದನಿ ಒಡೆಯಿತು. "ನಾನು ಕೇಳ್ಬೇಕಿತ್ತು. ಕೇಳ್ಲಿಲ್ಲ. ಕ್ಷಮಿಸ್ತೀಯಾ?"

ಅವನು ಒದ್ದೆ ಕೈಯನ್ನು ಅಂಗಿಗೆ ಒರೆಸಿಕೊಂಡು ಮುಂದೆ ಚಾಚಿದ. ಅವಳು ಅದನ್ನು ಎರಡೂ ಕೈಯಲ್ಲಿ ಹಿಡಿದಳು.

"ಆ ಹಸಿರು ಸೀರೆ ಏನಾಯ್ತು?"

"ಅಮ್ಮನ ಟ್ರಂಕಲ್ಲಿದೆ. ಮಡಿಕೆ ಬಿಚ್ಚಿಲ್ಲ."

"ಭಾನುವಾರ ಅಮ್ಮನ್ನ ಕರ್ಕೊಂಡು ಬಾ. ಅದನ್ನೂ ತಗೊಂಡು ಬಾ."

ಚಾಮಯ್ಯ ತಾವಾಗಿ ಹೇಳುವವರೆಗೆ ವಾಣಿಗೆ ಹೇಳುವುದಿಲ್ಲ ಎಂದು ನಿಶಾಂತ್ ಮಾತು ಕೊಟ್ಟಿದ್ದ. ಹೇಳಲಿಲ್ಲ.