ಮಾಂತ್ರಿಕನ ಮೊಟ್ಟೆಗೆ ಕಾವು ಕೂತ ಕೋಳಿ

ಬಹಳ ಹಿಂದೆ, ಬೆಟ್ಟಗಳಿಗೆ ಆಗಷ್ಟೇ ಹೆಸರಿಡುತ್ತಿದ್ದ ಕಾಲದಲ್ಲಿ, ಕಂಕಣಗಿರಿ ಎಂಬ ರಾಜ್ಯವಿತ್ತು. ಅಲ್ಲಿನ ಅರಮನೆಯ ಅಂಗಳದಲ್ಲಿ ಒಂದು ಮೊಟ್ಟೆ ಇತ್ತು. ನೋಡಲು ಕೋಳಿಮೊಟ್ಟೆಯಷ್ಟೇ ಗಾತ್ರ, ಬಣ್ಣ ಇದ್ದಿಲಿನಷ್ಟು ಕಪ್ಪು, ಹತ್ತಿರ ಹೋದರೆ ಮೈ ನಡುಗಿಸುವಷ್ಟು ತಣ್ಣಗೆ. ಧೂಮಕೇಶನೆಂಬ ಮಾಂತ್ರಿಕ ಅದರೊಳಗೆ ತನ್ನ ಜೀವವನ್ನು ಇಟ್ಟಿದ್ದ.

ಬೇರೆ ಮಾಂತ್ರಿಕರಾದರೆ ಜೀವವನ್ನು ಸಮುದ್ರದಾಚೆ ಬಚ್ಚಿಡುತ್ತಾರೆ. ಧೂಮಕೇಶನ ಸೊಕ್ಕು ಅದಕ್ಕಿಂತ ದೊಡ್ಡದು. ಅರಸನ ಬಾಗಿಲಿಗೇ ಅದನ್ನು ತಂದಿಟ್ಟು, ಒಡೆಯುವ ಗಂಡಸು ಇದ್ದರೆ ಬರಲಿ ಎಂದು ಹೇಳಿ, ಉತ್ತರದ ಕರಿಗುಡ್ಡ ಹತ್ತಿ ಕೂತಿದ್ದ. ಒಡೆಯಲು ಕೈಯೆತ್ತಿದವರ ಮೇಲೆ ಮೊಟ್ಟೆಯಿಂದ ಮಾಂತ್ರಿಕನ ತಣ್ಣನೆಯ ಉಸಿರು ಹೊರಡುತ್ತಿತ್ತು, ಎತ್ತಿದ ಕೈ ಎತ್ತಿದಂತೆಯೇ ಅವರು ಕಲ್ಲಾಗುತ್ತಿದ್ದರು. ಯುವರಾಜ ಕಲ್ಲಾದ. ಸೇನಾಪತಿ ಕಲ್ಲಾದ. ಅವರ ಹಿಂದೆ ಹೋದ ಭಟರೂ ಕಲ್ಲಾದರು. ಸಾವಿನ ಭಯವಿಲ್ಲದ ಧೂಮಕೇಶ ಬೇಕಾದಾಗ ಬಂದು ಒಂದು ಸಲ ದನಗಳನ್ನು, ಇನ್ನೊಂದು ಸಲ ಕಣದ ಕಾಳನ್ನು ಹೊತ್ತೊಯ್ಯುತ್ತಿದ್ದ. ಕೇಳುವವರಿರಲಿಲ್ಲ.

ಆ ಕಲ್ಲುಗಳಲ್ಲಿ ಒಬ್ಬ ಮಾಳ. ಭಟನಾಗುವ ಮೊದಲು ಅವನು ಕೇರಿಯ ಕೋಳಿಮರಿಗಳನ್ನು ಹದ್ದಿನಿಂದ ಕಾಯುತ್ತಿದ್ದ. ಕವಣೆ ಬೀಸುವುದರಲ್ಲಿ ಎತ್ತಿದ ಕೈ. ಅವನ ಅಕ್ಕ ತಿಪ್ಪವ್ವ ಕೋಟೆಯ ಹಿಂದಿನ ಕೇರಿಯಲ್ಲಿ ಕೋಳಿ ಸಾಕಿಕೊಂಡಿದ್ದಳು. ಹಿಂದೆ ಹುಟ್ಟಿದ ಕೂಸುಗಳು ಉಳಿಯಲಿಲ್ಲವೆಂದು ಅವಳ ತಾಯಿ ಅವಳನ್ನು ತಿಪ್ಪೆಯ ಮೇಲೆ ಉರುಳಿಸಿ ಆ ಹೆಸರಿಟ್ಟಿದ್ದಳು. ತಾಯಿ ತೀರಿಕೊಂಡ ಮೇಲೆ ಮಾಳನನ್ನು ಎತ್ತಿ ಆಡಿಸಿದವಳು ತಿಪ್ಪವ್ವ. ದಿನವೂ ಅಂಗಳಕ್ಕೆ ಬಂದು ಕಲ್ಲಾದ ತಮ್ಮನ ಮುಖದ ಧೂಳನ್ನು ಸೆರಗಿನಿಂದ ಒರೆಸಿ, ಯಾವ ಕೋಳಿ ಮೊಟ್ಟೆಯಿಟ್ಟಿತು, ಯಾವುದು ಬೇಲಿ ಹಾರಿತು ಎಂದೆಲ್ಲ ಹೇಳಿ ಹೋಗುತ್ತಿದ್ದಳು. ಕಲ್ಲು ಕೇಳಿಸಿಕೊಳ್ಳುತ್ತದೋ ಇಲ್ಲವೋ ಎಂದು ಅವಳು ಯಾರನ್ನೂ ವಿಚಾರಿಸಲಿಲ್ಲ.

ಅವಳ ಹತ್ತಿರ ಬೂದಿ ಎಂಬ ಹೇಂಟೆ ಇತ್ತು. ಬಣ್ಣವೂ ಬೂದಿಯದೇ, ಹಟ ಮಾತ್ರ ಕೆಂಡದ್ದು. ಒಂದು ಸಲ ಅದು ಹೊತ್ತಲ್ಲದ ಹೊತ್ತಿನಲ್ಲಿ ಕಾವಿಗೆ ಕೂತಿತು. ಮನೆಯಲ್ಲಿ ಒಂದು ಮೊಟ್ಟೆಯೂ ಇರಲಿಲ್ಲ. ಆದರೂ ಬರಿಯ ನೆಲದ ಮೇಲೆ ಗರಿ ಉಬ್ಬಿಸಿ ಕೂತು, ಹತ್ತಿರ ಬಂದವರನ್ನೆಲ್ಲ ಕುಕ್ಕುತ್ತಿತ್ತು. ನೀರಿನಲ್ಲಿ ಅದ್ದು ಎಂದರು ಒಬ್ಬರು, ಅದ್ದಿದಳು. ಕಾಲು ಕಟ್ಟು ಎಂದರು ಇನ್ನೊಬ್ಬರು, ಕಟ್ಟಿದಳು. ಬಿಚ್ಚಿದ ಕೂಡಲೇ ಬೂದಿ ಮೈ ಕೊಡವಿಕೊಂಡು ಹೋಗಿ ಒರಳುಗುಂಡಿನ ಮೇಲೆ ಕೂತಿತು. ಬಿಟ್ಟು ಹೋದರೆ ಉಪವಾಸ ಸತ್ತೀತೆಂದು ಅವತ್ತು ತಿಪ್ಪವ್ವ ಅದನ್ನೂ ಕಂಕುಳಲ್ಲಿ ಇರುಕಿಕೊಂಡು ಅರಮನೆಗೆ ಹೋದಳು.

ತಮ್ಮನ ಮುಖ ಒರೆಸಲು ಅವಳು ಕೋಳಿಯನ್ನು ಕೆಳಗೆ ಬಿಟ್ಟಳು. ಬೂದಿ ಲೊಕ್ ಲೊಕ್ ಎನ್ನುತ್ತಾ ನೇರ ಹೋಗಿ, ಕರಿ ಮೊಟ್ಟೆಯನ್ನು ಕೊಕ್ಕಿನಿಂದ ಒಮ್ಮೆ ಹೊರಳಿಸಿ, ಎದೆಯಡಿಗೆ ಎಳೆದುಕೊಂಡು ಕೂತುಬಿಟ್ಟಿತು. ಕಾವಲಿನವರು ಕಣ್ಣು ಮುಚ್ಚಿಕೊಂಡರು. ಕಣ್ಣು ಬಿಟ್ಟಾಗ ಕೋಳಿ ಕೋಳಿಯಾಗಿಯೇ ಇತ್ತು. ಅದು ಒಡೆಯಲು ಬಂದದ್ದಲ್ಲವಲ್ಲ.

ಸುದ್ದಿ ಕೇಳಿ ಅರಸ ಜಯಕೀರ್ತಿ ಓಡಿ ಬಂದ. ಮಗ ಕಲ್ಲಾದ ಮೇಲೆ ಅವನು ಸರಿಯಾಗಿ ಉಂಡಿರಲಿಲ್ಲ, ಮಲಗಿರಲಿಲ್ಲ.

“ಏನವ್ವಾ ಇದು? ನಿನ್ನ ಕೋಳಿಯನ್ನು ಎಬ್ಬಿಸು” ಎಂದ.

“ಎಬ್ಬಿಸಿದ್ರೆ ಏಳೋ ಕೋಳಿ ಅಲ್ಲ ಬುದ್ಧಿ. ಇಷ್ಟು ಜನ ಮೊಟ್ಟೆನ ಒಡೆಯಕ್ಕೆ ನೋಡುದ್ರಿ. ಮೊಟ್ಟೆ ಇರೋದು ಒಡೆಯಕ್ಕಲ್ಲ, ಕಾವಿಗೆ. ಒಂದು ಕಿತ ಅದನ್ನೂ ನೋಡಾನ.”

ಅರಸನಿಗೆ ಬೇರೆ ದಾರಿಯಿರಲಿಲ್ಲ. ತಿಪ್ಪವ್ವ ಒಂದು ಮಂಕರಿ ತರಿಸಿ, ಭತ್ತದ ಹೊಟ್ಟು ಹಾಸಿ, ಕೋಳಿಯನ್ನೂ ಮೊಟ್ಟೆಯನ್ನೂ ಅದರಲ್ಲಿ ಇಟ್ಟಳು. ಒಂದು ಇದ್ದಿಲ ಚೂರು, ಮಾಳನ ಮುರಿದ ಕುಡುಗೋಲಿನ ಒಂದು ತುಂಡು, ಇವನ್ನೂ ಹೊಟ್ಟಿನೊಳಗೆ ತುರುಕಿದಳು. ಕಾವಿನ ಮೊಟ್ಟೆ ಗುಡುಗಿಗೆ ಕೆಡಬಾರದೆಂದು ಅವಳ ಅಜ್ಜಿ ಹಾಗೆ ಮಾಡುತ್ತಿದ್ದಳಂತೆ. ಮಂತ್ರಿಗಳು ಮುಸಿಮುಸಿ ನಕ್ಕರು. ನಗಲಿ ಎಂದು ತಿಪ್ಪವ್ವ ಮಂಕರಿಗೆ ಹಗ್ಗ ಕಟ್ಟಿ ಅಂಗಳದಂಚಿನ ಚಾವಡಿಯ ತೊಲೆಗೆ ತೂಗುಹಾಕಿದಳು.

ಅತ್ತ ಕರಿಗುಡ್ಡದ ಮೇಲೆ ಧೂಮಕೇಶನಿಗೆ ಜನ್ಮದಲ್ಲಿ ಮೊದಲ ಸಲ ಬೆವರು ಬಂತು. ಹಣೆ ಮುಟ್ಟಿ ನೋಡಿ ಬೆಚ್ಚಿಬಿದ್ದ. ಯಾರೋ ತನ್ನ ಜೀವವನ್ನು ಬೆಚ್ಚಗೆ ಮಾಡುತ್ತಿದ್ದಾರೆ ಎಂದು ತಿಳಿಯಿತು. ಕೂಡಲೇ ಕಂಚಿನ ಮುಂಗುಸಿಯೊಂದನ್ನು ಮಾಡಿ, ಹೋಗಿ ಆ ಕೋಳಿಯ ಕತ್ತು ಮುರಿದು ಬಾ ಎಂದು ಕಳಿಸಿದ.

ಕಂಚಿನ ಮುಂಗುಸಿ ಕೋಟೆಯ ಬಾಗಿಲನ್ನು ಕಡಿದು, ಕಾವಲಿನವರ ಈಟಿಗಳನ್ನು ಕಡಿದು ಚಾವಡಿಗೆ ಬಂತು. ಮಂಕರಿ ಎಟುಕದೆ ಕೆಳಗೆ ಸುತ್ತಿತು. ಮೊಟ್ಟೆಯಿದ್ದಲ್ಲಿ ಕಳ್ಳಬಾಯಿ ಬಂದೇ ಬರುತ್ತದೆಂದು ತಿಪ್ಪವ್ವ ಕೇರಿಯಿಂದ ಒಂದು ಮೊಟ್ಟೆ ತರಿಸಿ ಸಿದ್ಧಮಾಡಿಟ್ಟಿದ್ದಳು. ತನ್ನ ಮೊಟ್ಟೆಯನ್ನೇ ಒಡೆದು ಕುಡಿಯುವ ಕಳ್ಳಕೋಳಿಗೆ ಬುದ್ಧಿ ಕಲಿಸಲು ಮಾಡುವ ಉಪಾಯ ಅದು. ತೂತು ಕೊರೆದು ಒಳಗಿನದನ್ನು ಚೆಲ್ಲಿ, ಅರೆದ ಸಾಸಿವೆ, ಮೆಣಸು ತುಂಬಿ, ಹಿಟ್ಟಿನಿಂದ ಬಾಯಿ ಮುಚ್ಚಬೇಕು. ಆ ಮೊಟ್ಟೆಯನ್ನು ಉರುಳಿಸಿದಳು. ಕಂಚಿನದಾದರೂ ಮುಂಗುಸಿ ಮುಂಗುಸಿಯೇ. ಬಾಯಿ ಹಾಕಿತು, ಕಣ್ಣಲ್ಲಿ ಮೂಗಲ್ಲಿ ನೀರು ಸುರಿಸುತ್ತಾ ಬಂದ ದಾರಿಯಲ್ಲೇ ಓಡಿಹೋಗಿ ಕಳಿಸಿದವನ ಕಾಲನ್ನೇ ಕಚ್ಚಿತು.

ಕೋಳಿ ಕಾವು ಕೊಡುತ್ತಲೇ ಇತ್ತು.

ಧೂಮಕೇಶನಿಗೆ ಜನ್ಮದಲ್ಲಿ ಮೊದಲ ಸಲ ಹಸಿವಾಯಿತು. ರೊಟ್ಟಿಯ ವಾಸನೆ ಎಲ್ಲಿಂದ ಬರುತ್ತಿದೆ ಎಂದು ತಲೆಯೆತ್ತಿ ನೋಡಿದ. ಸಿಟ್ಟು ಬಂದು ಒಂದು ಹಿಡಿ ಕೆಂಪು ಧೂಳನ್ನು ಗಾಳಿಗೆ ಊದಿದ. ಅದು ಧೂಳಲ್ಲ, ಕೋಳಿಹೇನು. ಬೂದಿಯ ಗರಿಯೊಳಗೆಲ್ಲ ಹೊಕ್ಕು ರಕ್ತ ಹೀರತೊಡಗಿತು. ಕೋಳಿ ಚಡಪಡಿಸಿ ಎದ್ದು ನಿಂತಿತು. ಅರಮನೆಯ ವೈದ್ಯರು ಗಂಧ ತೇಯಲು ಹೊರಟರು. ತಿಪ್ಪವ್ವ ಅವರನ್ನು ಕೂರಿಸಿ, ಒಲೆಯ ಬೂದಿಗೆ ಪುಡಿಮಾಡಿದ ಬೇವಿನ ಸೊಪ್ಪು ಬೆರೆಸಿ ಒಂದು ಗುಂಡಿ ತುಂಬಿದಳು. ಕೋಳಿ ಅದರೊಳಗೆ ಬಿದ್ದು, ಹೊರಳಿ, ರೆಕ್ಕೆ ಬಡಿದು ಮನಸಾರೆ ಮಿಂದಿತು. ಕೋಳಿಗೆ ನೀರಿನ ಸ್ನಾನ ಶಿಕ್ಷೆ, ಬೂದಿಯ ಸ್ನಾನ ಹಬ್ಬ.

ಅಷ್ಟು ಹೊತ್ತು ಮೊಟ್ಟೆ ಆರಬಾರದಲ್ಲ. ತಿಪ್ಪವ್ವ ಅದನ್ನೆತ್ತಿ ಮಡಿಲಲ್ಲಿಟ್ಟು ಸೆರಗು ಮುಚ್ಚಿಕೊಂಡಳು. ಒಳಗೆ ಏನೋ ಟುಕ್ ಟುಕ್ ಎಂದಿತು. ಮಾಳನನ್ನು ಕಲ್ಲು ಮಾಡಿದವನ ಜೀವ ಇದು. ಅದಕ್ಕೆ ತಾನು ಮಡಿಲು ಕೊಟ್ಟು ಕೂತಿದ್ದೇನೆ. ಅವಳಿಗೆ ಕೋಪವೂ ಬಂತು, ಅಳುವೂ ಬಂತು. ಎದುರಿಗೆ ನಿಂತ ತಮ್ಮನ ಕಲ್ಲುಮುಖ ನೋಡುತ್ತಾ, ಆದರೂ ಕೈ ಸಡಿಲಿಸದೆ, ಕೋಳಿ ಬರುವವರೆಗೂ ಕೂತಳು.

ಕೋಳಿ ಮತ್ತೆ ಕಾವಿಗೆ ಕೂತಿತು.

ಧೂಮಕೇಶನಿಗೆ ಜನ್ಮದಲ್ಲಿ ಮೊದಲ ಸಲ ಹೆದರಿಕೆಯಾಯಿತು. ತನ್ನಲ್ಲಿದ್ದ ಕೊನೆಯ ಆಯುಧವನ್ನು ತೆಗೆದ. ಮೋಡವಿಲ್ಲದ ಆಕಾಶದಲ್ಲಿ ಗುಡುಗು ಹುಟ್ಟಿ, ಬೆಟ್ಟದಿಂದ ಬೆಟ್ಟಕ್ಕೆ ಉರುಳಿ, ಅರಮನೆಯ ಹೆಂಚು ಹಾರಿಸಿ, ಮಂಕರಿಯ ಮೇಲೆ ಎರಗಿತು. ಎರಗಿದ ಗುಡುಗು ಹೊಟ್ಟಿನೊಳಗಿದ್ದ ಕುಡುಗೋಲಿನ ತುಂಡಿನೊಳಕ್ಕೆ ಹೊಕ್ಕು ಅಲ್ಲೇ ಕೂತಿತು. ಆಮೇಲೆ ಆ ತುಂಡನ್ನು ಕಿವಿಗೆ ಹಿಡಿದವರಿಗೆಲ್ಲ ಒಳಗೆ ಅದು ಗುರುಗುಡುವುದು ಕೇಳುತ್ತಿತ್ತು. ಮಂತ್ರಿಗಳು ಮತ್ತೆ ನಗಲಿಲ್ಲ.

ಮೂರು ವಾರ ತುಂಬಿತು. ಒಂದು ಬೆಳಗ್ಗೆ ಮೊಟ್ಟೆಯ ಮೇಲೆ ಸಣ್ಣ ಬಿರುಕು ಕಂಡಿತು, ಬಿರುಕಿನಲ್ಲಿ ಒಂದು ಕೊಕ್ಕು. ತಿಪ್ಪವ್ವ ಮಂಕರಿಯನ್ನು ಇಳಿಸಿ ಅಂಗಳದ ಬಿಸಿಲಲ್ಲಿಟ್ಟಳು. ಕೊಕ್ಕು ಕುಟ್ಟಿತು, ಸುಸ್ತಾಗಿ ನಿಂತಿತು, ಮತ್ತೆ ಕುಟ್ಟಿತು. ಅರಸನಿಗೆ ತಾಳ್ಮೆ ತಪ್ಪಿ, ಸಿಪ್ಪೆ ಬಿಡಿಸಿಬಿಡೋಣ ಎಂದ. ಬಿಡಿಸಿದರೆ ಮರಿ ಉಳಿಯುವುದಿಲ್ಲ, ಅದರ ಸಿಪ್ಪೆ ಅದೇ ಒಡೆದುಕೊಳ್ಳಬೇಕು ಎಂದಳು ತಿಪ್ಪವ್ವ. ಎರಡೂ ಕೈಗಳನ್ನು ಸೊಂಟದ ಹಿಂದೆ ಕಟ್ಟಿಕೊಂಡು ನಿಂತಳು. ಸುಮ್ಮನಿರುವುದು ಅವಳಿಗೂ ಸುಲಭವಾಗಿರಲಿಲ್ಲ. ಹೊತ್ತು ನೆತ್ತಿಗೆ ಬರುವಾಗ ಮೊಟ್ಟೆ ಎರಡು ಹೋಳಾಗಿ ಒಂದು ಕಪ್ಪು ಮರಿ ಹೊರಗೆ ಬಿತ್ತು. ಒದ್ದೆ, ಬಡಕಲು, ನಿಲ್ಲಲೂ ಬಾರದ ಮರಿ. ಬೂದಿ ಅದನ್ನು ಗರಿಯೊಳಗೆ ಸೇರಿಸಿಕೊಂಡಿತು. ಮೈ ಆರಿದ ಮೇಲೆ ಮರಿ ಹೊರಗೆ ಇಣುಕಿ ಚಿಂವ್ ಎಂದಿತು.

ಅಂಗಳದ ಕಲ್ಲುಗಳು ಮಾತ್ರ ಕಲ್ಲಾಗಿಯೇ ಇದ್ದವು.

ಅರಸ ಕತ್ತಿ ಹಿರಿದ. ಈಗ ಮೊಟ್ಟೆಯ ಮಾಯೆಯಿಲ್ಲ, ಈ ಮರಿಯ ಕತ್ತು ಕಡಿದರೆ ಮಾಂತ್ರಿಕ ಸಾಯುತ್ತಾನೆ, ನನ್ನ ಮಗ ಏಳುತ್ತಾನೆ ಎಂದ. ಬೂದಿ ಹಾರಿ ಬಂದು ಅರಸನ ಮುಂಗೈ ಕುಕ್ಕಿತು. ಅದರ ಹಿಂದೆಯೇ ತಿಪ್ಪವ್ವ ಅಡ್ಡ ನಿಂತಳು.

“ನಂಗೂ ಕಲ್ಲೊಳಗೆ ತಮ್ಮ ಅವ್ನೆ ಬುದ್ಧಿ. ನಂಗೂ ಕೈ ಕಡೀತೈತೆ. ಆದ್ರೆ ಗಂಟು ಹಾಕ್ದೋನೇ ಸತ್ರೆ ಗಂಟು ಬಿಚ್ಚೋರ್ಯಾರು?”

ಅರಸನ ಕತ್ತಿ ನಿಧಾನವಾಗಿ ಕೆಳಗಿಳಿಯಿತು. ಅಷ್ಟರಲ್ಲಿ ಕೋಟೆಯ ಬಾಗಿಲಿನಿಂದ ಒಬ್ಬ ಮುದುಕ ಬರಿಗಾಲಲ್ಲಿ ಓಡಿ ಬಂದ. ಧೂಮಕೇಶನೇ. ತಲೆಯ ಮೇಲಿದ್ದ ಹೊಗೆಯ ಜಡೆಗಳೆಲ್ಲ ಹಾರಿಹೋಗಿ ಬೋಡಾಗಿದ್ದ. ಆಕಾಶದತ್ತ ಕೈ ತೋರಿಸಿ, ಮರಿಯನ್ನು ಒಳಗೆ ಸೇರಿಸಿ ಎಂದು ಅಂಗಲಾಚಿದ. ಮೇಲೆ ಉಕ್ಕಿನ ರೆಕ್ಕೆಯ ಹದ್ದು ಸುತ್ತುತ್ತಿತ್ತು. ಕರಿಗುಡ್ಡದ ಕಾವಲಿಗೆಂದು ಅವನೇ ಮಾಡಿದ ಹದ್ದು, ಮರಿ ಕಂಡು ಗುಡ್ಡ ಬಿಟ್ಟು ಬಂದಿತ್ತು. ಬೇರೆ ಯಾರ ಮಂತ್ರಕ್ಕೂ ಓಗೊಡದಿರಲೆಂದು ಅದಕ್ಕೆ ಕಿವಿಯನ್ನೇ ಇಟ್ಟಿರಲಿಲ್ಲ. ಈಗ ಅದು ಅವನ ಕೂಗನ್ನೂ ಕೇಳಲಿಲ್ಲ.

ಹದ್ದು ಎರಗಿತು. ಬೂದಿ ರೆಕ್ಕೆ ಹರಡಿ ಮರಿಯನ್ನು ಮುಚ್ಚಿಕೊಂಡಿತು. ಉಕ್ಕಿನ ಉಗುರು ಅದರ ಬೆನ್ನು ಗೀರಿತು, ಗರಿ ಹಾರಿತು, ರಕ್ತ ಬಂತು. ಬೂದಿ ಕದಲಲಿಲ್ಲ. ಹದ್ದು ಮತ್ತೆ ಮೇಲೇರಿ ಸುತ್ತತೊಡಗಿತು. ಧೂಮಕೇಶ ನಿಂತಲ್ಲೇ ಅಳತೊಡಗಿದ. ಅವನ ಜೀವಕ್ಕಾಗಿ ಇನ್ನೊಂದು ಜೀವ ಮೈಯೊಡ್ಡಿದ್ದನ್ನು ಅವನು ಎಂದೂ ಕಂಡಿರಲಿಲ್ಲ.

“ತಾಯಿ, ಆ ಹದ್ದನ್ನು ಓಡಿಸುವವರು ಯಾರಾದರೂ ಇದ್ದಾರೆಯೇ?” ಎಂದು ಕೇಳಿದ.

“ಅವ್ನೆ. ಕವಣೆ ಬೀಸೋದ್ರಲ್ಲಿ ನನ್ನ ತಮ್ಮನ ಸಮ ಯಾರಿಲ್ಲ” ಎಂದಳು ತಿಪ್ಪವ್ವ. “ನೀನೇ ಕಲ್ಲು ಮಾಡಿ ನಿಲ್ಸಿದ್ದೀಯ.”

ಧೂಮಕೇಶ ಮಾಳನ ಮುಂದೆ ಹೋಗಿ ನಿಂತು, ಏನು ಮಾಡಬೇಕೆಂದು ತಿಳಿಯದೆ ಬಿಕ್ಕಿದ. ಬಿಕ್ಕಿದಾಗ ಬಿಸಿಯುಸಿರು ಕಲ್ಲಿನ ಮುಖಕ್ಕೆ ತಾಗಿತು. ಇಷ್ಟು ಕಾಲ ಅವನ ಉಸಿರು ತಣ್ಣಗಿತ್ತು, ಅದು ಕಲ್ಲು ಮಾಡುತ್ತಿತ್ತು. ಈಗ ಬೆಚ್ಚಗಾಗಿತ್ತು. ಕಲ್ಲಿನ ಕೆನ್ನೆ ಕೆಂಪಾಯಿತು, ರೆಪ್ಪೆ ಅಲುಗಿತು. ಮಾಳ ಕಣ್ಣು ಬಿಟ್ಟು, “ಅಕ್ಕಾ, ಬೇಲಿ ಹಾರಿದ ಕೋಳಿ ಸಿಕ್ತಾ?” ಎಂದ.

ತಿಪ್ಪವ್ವ ಓಡಿ ಬಂದಳು. ತಮ್ಮನ ಮುಖವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು ಮೇಲೆ ತೋರಿಸಿದಳು. ಮಾಳ ಸೊಂಟದ ಕವಣೆ ಬಿಚ್ಚಿ ಬೀಸಿದ. ಉಕ್ಕಿನ ರೆಕ್ಕೆ ಠಣ್ ಎಂದಿತು. ಹದ್ದು ಪಡುವಣಕ್ಕೆ ಹಾರಿ, ಸುತ್ತು ಹಾಕಿ, ಮೂಡಣದಿಂದ ಬಂತು.

“ಒಬ್ಬ ಸಾಲಲ್ಲ” ಎಂದಳು ತಿಪ್ಪವ್ವ, ಧೂಮಕೇಶನ ಕಡೆ ತಿರುಗಿ. “ಮರಿ ಇರೋ ಕಡೆ ನಾಲ್ಕು ದಿಕ್ಕಿಗೂ ಕಣ್ಣಿರಬೇಕು.”

ಧೂಮಕೇಶ ಕಲ್ಲಿನಿಂದ ಕಲ್ಲಿಗೆ ಓಡಿದ. ಸೇನಾಪತಿಗೆ ಊದಿದ, ಭಟರಿಗೆ ಊದಿದ, ಉಸಿರು ಕಟ್ಟುವವರೆಗೂ ಊದಿದ. ಕೊನೆಗೆ ಯುವರಾಜ ಎದ್ದು, ಎದುರಿಗಿದ್ದ ಬೋಳು ಮುದುಕನಿಗೆ ನಮಸ್ಕಾರ ಮಾಡಿ, ಧೂಮಕೇಶ ಎಲ್ಲಿ ಎಂದು ಕೇಳಿದ. ಎಲ್ಲರೂ ನಾಲ್ಕು ಕಡೆ ನಿಂತು ಕಲ್ಲು ಬೀಸಿದರು. ಮಾಳನ ಕೊನೆಯ ಕಲ್ಲಿಗೆ ಉಕ್ಕಿನ ಹದ್ದು ಚೂರುಚೂರಾಗಿ ಬಿತ್ತು. ಕಮ್ಮಾರರು ಆ ಚೂರುಗಳಿಂದ ಕೇರಿಗೆಲ್ಲ ಕುಡುಗೋಲು ಮಾಡಿಕೊಟ್ಟರು.

ಧೂಮಕೇಶ ಕದ್ದ ದನಗಳನ್ನೂ ಕಾಳನ್ನೂ ತಂದೊಪ್ಪಿಸಿ, ತಿಪ್ಪವ್ವನ ಹಿತ್ತಲಲ್ಲಿ ಗುಡಿಸಲು ಹಾಕಿಕೊಂಡ. ಸಂಜೆ ಗೂಡಿನ ಬಾಗಿಲು ಹಾಕುವ ಕೆಲಸ ಅವನದಾಯಿತು. ಹಾಕಿದ್ದೇನೋ ಇಲ್ಲವೋ ಎಂದು ಎದ್ದು ಬಂದು ಮತ್ತೆ ನೋಡುತ್ತಿದ್ದ. ಯಾರ ಮನೆಗಾದರೂ ನೆಂಟರು ಬಂದು ಒರಳಲ್ಲಿ ಮಸಾಲೆ ಅರೆಯುವ ಸದ್ದು ಕೇಳಿದರೆ ಪಾಪ ಅವನಿಗೆ ಜ್ವರ ಬರುತ್ತಿತ್ತು.

ಬೂದಿಯ ಗಾಯ ಮಾಯಿತು. ಕರಿ ಮರಿ ಬೆಳೆದು ಹೇಂಟೆಯಾಯಿತು. ಒಂದು ಮಧ್ಯಾಹ್ನ ಧೂಮಕೇಶ ಏದುಸಿರು ಬಿಡುತ್ತಾ ತಿಪ್ಪವ್ವನ ಹತ್ತಿರ ಓಡಿ ಬಂದ. ಕೋಳಿ ಮೇವು ಬಿಟ್ಟಿದೆ, ಗರಿ ಉಬ್ಬಿಸಿಕೊಂಡು ಒರಳುಗುಂಡಿನ ಮೇಲೆ ಕೂತಿದೆ, ಮುಟ್ಟಲು ಹೋದರೆ ಕುಕ್ಕುತ್ತಿದೆ, ಏನು ರೋಗವೋ ಏನೋ ಎಂದ.

ತಿಪ್ಪವ್ವ ಕೈಯಲ್ಲಿದ್ದ ಮೊರವನ್ನು ಕೆಳಗಿಟ್ಟು ನಕ್ಕಳು.

“ರೋಗ ಅಲ್ಲ ಕಣಪ್ಪ. ಒಳಗೆ ಗೂಡಲ್ಲಿ ಮೊಟ್ಟೆ ಐತೆ. ತಂದು ಇಡು.”

ಧೂಮಕೇಶ ಎರಡೂ ಕೈಯಲ್ಲಿ ಒಂದು ಬಿಳಿ ಮೊಟ್ಟೆ ಹಿಡಿದು, ಎಡವದಂತೆ ನಿಧಾನವಾಗಿ ನಡೆದು ಬಂದ. ಆಮೇಲೆ ಕಂಕಣಗಿರಿಯಲ್ಲಿ ಯಾರಿಗೂ ಯಾವ ಕೊರತೆಯೂ ಬರಲಿಲ್ಲ. ಅವರ ಕೋಳಿ ಅಲ್ಲಿ ಕೂಗುತ್ತದೆ, ನಮಗೆ ಇಲ್ಲಿ ಬೆಳಗಾಗುತ್ತದೆ.